ಎಣ್ಣೆ ಹಚ್ಚಿದ ನೈಲಾನ್ ಬ್ಯಾಗು

ಕಳೆದ ವರ್ಷ ಚಳಿಗಾಲದ ಮಾತು. ಸಿಂದಗಿಯಲ್ಲಿ ನನ್ನ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ ಹಳತಾಗಿತ್ತು. ನಾನೂ ಸಿಡುಕಿ ಎಂದು ಹೆಸರು ಗಳಿಸಿಯಾಗಿತ್ತು. ಮೋರಟಗಿಯ ಹುಡುಗಿಯರ ಖೋ ಖೋ ತಂಡ ಒಂದು ಸಂಜೆ ವಿಜಯಪುರಕ್ಕೆ ಆಡಲು ಹೊರಟಿತ್ತು. ಹಿಂದಿನ ದಿನ ಅವರಿಗೆ ಹೊಸ ನೈಲಾನ್ ಬ್ಯಾಗುಗಳನ್ನು ಕೊಟ್ಟಿದ್ದರಂತೆ. ಅವುಗಳ ಮೇಲೆ ತಮ್ಮ ತಮ್ಮ ಹೆಸರು ಹಾಕಿಸಲು ಎಲ್ಲರೂ ಬಂದರು.

ಹೆಸರುಗಳನ್ನು ಅವರ ಮಾಸ್ತರು ಮೊದಲೇ ಫೋನಿನಲ್ಲಿ ಹೇಳಿದ್ದರು. ವಿಶೇಷ ಕಾಗದದ ಮೇಲೆ ಅವನ್ನು ತಿರುವುಮುರುವಾಗಿ ಸ್ಕ್ರೀನ್ ಪ್ರಿಂಟ್ ಮಾಡಿ, ಹಸಿ ಇಂಕಿಗೆ ಅಂಟಿನ ಪುಡಿ ಉದುರಿಸಿ ಒಣಗಿಸಿದ್ದೆ. ಇದನ್ನೇ ಟ್ರಾನ್ಸ್‌ಫರ್ ಎನ್ನುತ್ತೇವೆ. ಹೀಟ್ ಪ್ರೆಸ್‌ನಲ್ಲಿ ಒತ್ತಿದಾಗ ಅಂಟು ಕರಗಿ ಬಟ್ಟೆಯನ್ನು ಹಿಡಿಯುತ್ತದೆ. ಹತ್ತಿ ಬಟ್ಟೆ ಶಾಖ ತಾಳುತ್ತದೆ. ನೈಲಾನ್ ಮಾತ್ರ ಮಹಾ ಮುನಿಸಿನದು, ಶಾಖ ತುಸು ಹೆಚ್ಚಾದರೂ ಮುದುಡಿಕೊಳ್ಳುತ್ತದೆ.

ಎಲ್ಲರ ಹೆಸರುಗಳೂ ಚೆನ್ನಾಗಿ ಮೂಡಿದವು, ಸಾವಿತ್ರಿಯದೊಂದನ್ನು ಬಿಟ್ಟು. ಅವಳ ಬ್ಯಾಗಿನಿಂದ ಅಕ್ಷರಗಳು ಕಾಗದದ ಜೊತೆಗೇ ಎದ್ದು ಬಂದವು. ಕೊನೆ ಗಳಿಗೆಯಲ್ಲಿ ತಂಡ ಸೇರಿದ ಹುಡುಗಿ ಅವಳು.

"ಅಕ್ಕಾರ, ನಂದಷ್ಟ ಯಾಕ ಹತ್ತವಲ್ದು? ನಾ ಎಕ್ಸ್‌ಟ್ರಾ ಅಂತೇನ್ರಿ?"

ಶಾಖ ಏರಿಸಲೇ ಎಂದುಕೊಂಡೆ. ಆದರೆ ಬ್ಯಾಗು ಕೆಟ್ಟರೆ ಅವಳಿಗೆ ಬೇರೆ ಇರಲಿಲ್ಲ. ಬೆರಳಾಡಿಸಿ ನೋಡಿದೆ, ಜಾರಿತು. ಮೂಗಿಗೆ ಹಿಡಿದರೆ ಕೊಬ್ಬರಿ ಎಣ್ಣೆ! ಅವಳನ್ನು ಕಳಿಸಲು ಬಂದಿದ್ದ ಅಜ್ಜಿ ಗಂಗವ್ವನ ಕಡೆ ತಿರುಗಿದೆ.

"ಆಯಿ, ಇದಕ್ಕ ಏನ್ ಹಚ್ಚೀರಿ?"

"ಹೊಸಾ ಸಾಮಾನ ಮನಿಗಿ ಬಂದ್ರ ಎಣ್ಣಿ-ಕುಂಕುಮ ಹಚ್ಚದ ಬಿಡ್ತಾರೇನವ್ವಾ? ಚಂದಂಗಿ ತಿಕ್ಕೇನಿ. ನೋಡು, ಹ್ಯಾಂಗ ಮಿಂಚಾಕತ್ತೈತಿ!"

ಬೈಯಬೇಕೆಂದು ತೆರೆದ ಬಾಯಿ ನಗುವಿಗೆ ತಿರುಗಿತು. ಎಣ್ಣೆ ತೆಗೆಯಲು ಸ್ಪಿರಿಟ್ ಕೈಗೆತ್ತಿಕೊಂಡರೆ ಆಯಿ ಬ್ಯಾಗನ್ನೇ ಎಳೆದುಕೊಂಡಳು.

"ತಗೀಬ್ಯಾಡವ್ವಾ. ಪೋರಿ ಮೊದಲ್ನೇ ಸಲ ಊರ ಬಿಟ್ಟು ಹೊಂಟಾಳ."

"ಹೆಸರಿನ ಜಾಗಾ ಅಷ್ಟ ಒರಸ್ತೇನಿ, ಆಯಿ. ಉಳಿದದ್ದೆಲ್ಲಾ ನಿಮ್ಮದು."

ಅರೆಮನಸ್ಸಿನಿಂದ ಕೊಟ್ಟಳು. ಬಣ್ಣ ಬಿಡುವುದೇನೋ ಎಂದು ಒಳಮೂಲೆಯಲ್ಲಿ ಮೊದಲು ಪರೀಕ್ಷಿಸಿ, ಅಂಗೈಯಷ್ಟು ಜಾಗವನ್ನು ಒರೆಸಿ ಒಣಗಿಸಿದೆ. ಪ್ರತಿ ಹೆಸರಿಗೂ ಒಂದು ಟ್ರಾನ್ಸ್‌ಫರ್ ಹೆಚ್ಚಿಗೆ ಮಾಡಿಡುವುದು ನನ್ನ ರೂಢಿ; ಅದು ಅಂದು ಕಾಪಾಡಿತು. ಒತ್ತಿದೆ. ಹೊರಗೆ ಟೆಂಪೊ ಹಾರ್ನ್ ಹೊಡೆಯುತ್ತಿತ್ತು. ಸಾವಿತ್ರಿ ಕಾಗದಕ್ಕೆ ಕೈ ಹಾಕಿದಾಗ "ಆರಲಿ, ತಡಿ" ಎಂದು ಗದರಿದೆ. ಆರಿದ ಮೇಲೆ ಮೆಲ್ಲಗೆ ಬಿಡಿಸಿದರೆ ಕೆಂಪು ಅಕ್ಷರಗಳು ಒಂದೂ ಕದಲದೆ ಕೂತಿದ್ದವು.

ಆಯಿಯ ಕಣ್ಣು ತುಂಬಿತು. ಸಂಚಿಯಿಂದ ಕುಂಕುಮ ತೆಗೆದು, ನಾನು ಬೇಡವೆನ್ನುವುದರೊಳಗೆ ಹೆಸರಿನತ್ತ ಬೆರಳು ಚಾಚಿದಳು. ಸಾವಿತ್ರಿ ಆ ಬೆರಳು ಹಿಡಿದು ತನ್ನ ಹಣೆಗೆ ಒತ್ತಿಕೊಂಡಳು.

"ನನಗ ಹಚ್ಚು, ಆಯಿ. ಆಡಾಕಿ ನಾನು, ಬ್ಯಾಗ್ ಅಲ್ಲ."

ಅಂಟು ಹಿಡಿಯದಿದ್ದರೆ ಶಾಖ ಏರಿಸುವ ಮೊದಲು ನೈಲಾನಿನ ಮೈಮೇಲೆ ಏನಿದೆ ಎಂದು ನೋಡಬೇಕು. ಅಂದಿನಿಂದ ಯಾರೇ ಬ್ಯಾಗು ತಂದರೂ "ಮನ್ಯಾಗ ಪೂಜಾ ಆತೇನ್ರಿ?" ಎಂದು ಕೇಳುತ್ತೇನೆ. ಆಗಿದೆ ಎಂದರೆ ಸಿಡುಕುವುದಿಲ್ಲ. ಹೆಸರು ಕೂರುವಷ್ಟು ಜಾಗವನ್ನು ಮಾತ್ರ ಒರೆಸಿಕೊಳ್ಳುತ್ತೇನೆ.