ಅಕ್ಕನ ಪಾಳಿ, ನನ್ನ ಪಾಳಿ

ಎರೆಹೊಲದಲ್ಲಿ ಮೆಣಸಿನಕಾಯಿ ಕೆಂಪಾಯಿತೆಂದರೆ ನಮ್ಮೂರ ತಾಯಂದಿರು ತಮ್ಮ ಕೂಸುಗಳನ್ನು ಮುಟ್ಟಲು ಹೆದರುತ್ತಿದ್ದ ಕಾಲವದು. ದಿನವಿಡೀ ಗಿಡದಿಂದ ಕಾಯಿ ಹರಿದ ಕೈಯನ್ನು ಮಜ್ಜಿಗೆಯಲ್ಲಿ ತೊಳೆದರೂ ಖಾರ ಹೋಗುತ್ತಿರಲಿಲ್ಲ. ಅವ್ವನ ಕೈ ತಾಗಿದರೆ ಸಾಕು, ನನ್ನ ತಮ್ಮ ಗುರು ಕಿರುಚಿ ಅಳುತ್ತಿದ್ದ. ಹೀಗಾಗಿ ಸುಗ್ಗಿ ಮುಗಿಯುವವರೆಗೆ ಅವನನ್ನು ಎತ್ತಿಕೊಳ್ಳುವವಳು ಅಕ್ಕ ನೀಲವ್ವ. ಕಾಯಿ ಹರಿಯುವುದು ಹೆಂಗಸರ ಕೆಲಸವಾದ್ದರಿಂದ ಅಪ್ಪನ ಕೈಗಳು ತಣ್ಣಗೇ ಇರುತ್ತಿದ್ದವು. ಆದರೂ ಅವನು ಕೂಸು ಹಿಡಿಯಲಿ ಎಂದು ಯಾರಿಗೂ ಹೊಳೆಯಲಿಲ್ಲ.

ಅಕ್ಕ ಏಳನೇ ಇಯತ್ತೆಯಲ್ಲಿ ಓದುತ್ತಿದ್ದಳು, ನಾನು ಆರನೇ ಇಯತ್ತೆಯಲ್ಲಿ. ಅವಳು ಸಾಲಿ ತಪ್ಪಿಸುವುದನ್ನು ಕಂಡು, ಕಲಿಸುವ ಅಕ್ಕೋರು ಮನೆಗೇ ಬಂದು ನನ್ನತ್ತ ಕೈ ತೋರಿಸಿದರು.

“ಒಂದಿನ ಆಕಿ, ಒಂದಿನ ಬಸು ಹಿಡೀಲಿ. ಇವಂಗೂ ಕೈ ಅದಾವಲ್ರೀ?”

“ಆಗ್ಲಿ ಬಿಡ್ರಿ ಅಕ್ಕೋರ,” ಎಂದು ಅಪ್ಪ ನಕ್ಕ.

ನನ್ನ ಪಾಳಿಯ ಮೊದಲ ದಿನ ತಮ್ಮನನ್ನು ಎತ್ತಿಕೊಂಡು ಗೋಲಿಯಾಟ ನೋಡುತ್ತ ನಿಂತಿದ್ದೆ. ಗೆಳೆಯ ಫಕೀರ ಕತ್ತೆತ್ತಿ, “ಏನಲೇ ಬಸ್ಯಾ, ಹಾಲೂ ನೀನ ಕುಡಸ್ತಿಯೇನು?” ಎಂದ. ಎಲ್ಲರೂ ನಕ್ಕರು.

ಮುಂದಿನ ಪಾಳಿಗೆ ನಾನು ಅಂಗಳದಲ್ಲಿ ಒಣಹಾಕಿದ್ದ ಕಾಯಿಯನ್ನು ಎರಡೂ ಕೈಯಲ್ಲಿ ಹಿಸುಕಿ, “ಅವ್ವಾ, ಕಾಯಿ ಹರವಿದ್ನಿ, ನನ್ನ ಕೈನೂ ಖಾರ ಆಗ್ಯಾವು,” ಎಂದೆ. ಸಾಲಿಗೆ ಹೊರಟಿದ್ದ ಅಕ್ಕ ಪಾಟೀಚೀಲ ಕೆಳಗಿಟ್ಟು ಗುರುವನ್ನು ಎತ್ತಿಕೊಂಡಳು. ಆಮೇಲೆ ಪ್ರತಿ ಪಾಳಿಗೂ ಅದನ್ನೇ ಮಾಡಿದೆ. ಉರಿಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಮಗ ಕೆಲಸಗಾರನಾದ ಎಂದು ಅಪ್ಪ ಬೆನ್ನು ತಟ್ಟಿದ.

ಅಕ್ಕ ಆ ವರ್ಷ ನಪಾಸಾದಳು. ಅವಳ ಸಾಲಿ ಅಲ್ಲಿಗೆ ಮುಗಿಯಿತು. ಮರುವರ್ಷ ನಾನೂ ನಪಾಸಾದೆ, ನನ್ನನ್ನು ಮಾತ್ರ ತಿರುಗಿ ಸಾಲಿಗೆ ಕಳಿಸಿದರು. ಆಮೇಲೆ ನಾನೇ ಬಿಟ್ಟೆ.

ಬೇಕಂತಲೇ ಕೈ ಖಾರ ಮಾಡಿಕೊಂಡದ್ದನ್ನು ಅಕ್ಕನಿಗೆ ಹೇಳಿದ್ದು ನಾನೇ ಅಜ್ಜನಾದ ಮೇಲೆ, ಹೋದ ವರ್ಷ. ಊರಲ್ಲೇ ಮದುವೆಯಾದ ಅವಳು ಈಗ ಅಂಗನವಾಡಿಯಲ್ಲಿ ಸಹಾಯಕಿ. ಬೇಳೆ ಆರಿಸುತ್ತಲೇ ಅಂದಳು: “ಗೊತ್ತಿತ್ತಲೇ. ನೀ ಸಣ್ಣಾಂವ ಇದ್ದಿ. ಅಪ್ಪನ ಕೈಗೇನಾಗಿತ್ತು?”

ಆ ಮಾತು ನನ್ನನ್ನು ಬಿಡಲಿಲ್ಲ. ಈ ಸಲ ಗ್ರಾಮಸಭೆಯಲ್ಲಿ ಹೆಂಗಸರು, ಕಾಯಿ ಹರಿಯುವ ದಿನಗಳಲ್ಲಾದರೂ ಅಂಗನವಾಡಿಯನ್ನು ಸಂಜೆಯವರೆಗೆ ತೆರೆದಿಡಿ ಎಂದು ಕೇಳಿದರು. ಹಿರಿಯರೊಬ್ಬರು, “ಕೂಸು ನೋಡೂದು ತಾಯಂದ್ರ ಕೆಲಸ,” ಎಂದರು. ಮಗಳು ಹೊಲಕ್ಕೆ ಹೋಗಿದ್ದರಿಂದ ಮೊಮ್ಮಗಳು ನನ್ನ ಹೆಗಲ ಮೇಲಿದ್ದಳು. ಹಾಗೆಯೇ ಎದ್ದು ನಿಂತೆ.

“ಮತ್ತ ನಾ ಏನ್ ಮಾಡಾಕತ್ತೀನ್ರೀ? ಸಂಜೀಮಟ ಬಾಗಲಾ ತೆರೀರಿ. ನೋಡಾಕ ಮಂದಿ ಸಾಲದಿದ್ರ ಗಂಡಸರ ಪಾಳಿ ಹಚ್ಚರಿ.”

“ಬಸಪ್ಪ ಆಯಾ ಆದ ನೋಡ್ರೋ,” ಎಂದರು ಯಾರೋ ಹಿಂದಿನಿಂದ.

“ಹೌದ್ರಿ, ಆಗೀನಿ. ನಿಮ್ಮ ಮೊಮ್ಮಕ್ಕಳನ್ನೂ ಕಳಸ್ರಿ.”

ಬಾಗಿಲು ಇನ್ನೂ ಮಧ್ಯಾಹ್ನದ ಹೊತ್ತಿಗೇ ಮುಚ್ಚುತ್ತದೆ. ಸಭೆ ಕರೆದಾಗೆಲ್ಲ ಕೇಳುತ್ತೇನೆ, ನಗುವವರು ನಗಲಿ. ಆದರೆ ನಾನು ಎಷ್ಟು ಕೂಗಿದರೂ ಅಕ್ಕನ ಓದು ತಿರುಗಿ ಬರುವುದಿಲ್ಲ. ಅಂಗನವಾಡಿಯಲ್ಲಿ ಮಕ್ಕಳಿಗೆ ಕಲಿಸುವ ಕಾರ್ಯಕರ್ತೆಯ ಜಾಗ ಖಾಲಿಯಾದಾಗ ಕಲಿತದ್ದು ಸಾಲದೆಂದು ಅವಳಿಗೆ ಕೊಡಲಿಲ್ಲ. ಮಕ್ಕಳಿಗೆ ಅಕ್ಷರ ತಿದ್ದಿಸುವವಳು ದಿನಾಲೂ ಅವಳೇ. ಮೇಲಿನವರು ತಪಾಸಣೆಗೆ ಬಂದರೆ ಮಾತ್ರ ಸೀಮೆಸುಣ್ಣದ ಕಡ್ಡಿ ಕೆಳಗಿಟ್ಟು ಅಡುಗೆ ಕೋಣೆಗೆ ಹೋಗುತ್ತಾಳೆ.