ನಾಳೆಗೆ ಬಿಟ್ಟ ನೆಲ

ಅವ್ವ ಟೈಫಾಯ್ಡಿನಿಂದ ಬದುಕಿ ಎದ್ದಾಗ ನನಗೆ ಆರೋ ಏಳೋ ವರ್ಷ. ಎಪ್ಪತ್ತರ ದಶಕದ ಇಳಕಲ್ಲು. ಎದ್ದಳು ಎನ್ನುವುದು ಮಾತಿಗೆ ಮಾತ್ರ. ಹಿತ್ತಲಿಗೆ ಹೋಗಬೇಕಾದರೂ ಗೋಡೆ ಹಿಡಿದು, ನಡುನಡುವೆ ಕೂತು ಹೋಗುತ್ತಿದ್ದಳು.

ಮನೆ ಅವಳಿಗಿಂತ ಹೆಚ್ಚು ಕಾಯಿಲೆ ಬಿದ್ದಿತ್ತು. ಅಪ್ಪ ಬೇರೆಯವರ ಮನೆಯ ಮಗ್ಗದಲ್ಲಿ ಸೀರೆ ನೇಯುತ್ತಿದ್ದ. ಬೆಳಿಗ್ಗೆ ಮಗ್ಗದ ಕುಣಿಗೆ ಇಳಿದರೆ ಕತ್ತಲಾದ ಮೇಲೆಯೇ ಮೇಲೆ ಬರುವುದು. ನುಚ್ಚು ಕುದಿಸಿ ನಮಗೆ ಹಾಕುತ್ತಿದ್ದ, ಅದೇ ದೊಡ್ಡದು. ಉಟ್ಟು ಬಿಟ್ಟ ಬಟ್ಟೆ, ಔಷಧದ ಬಾಟಲಿ, ತಳ ಹಿಡಿದ ಗಡಿಗೆ, ಸಿಕ್ಕಾದ ನೂಲು ಎಲ್ಲ ನೆಲದ ಮೇಲೆಯೇ. ದೇವರ ಜಗಲಿಯ ಮೇಲೂ ಕೌದಿಗಳು ಬಿದ್ದಿದ್ದವು. ಸಾರಿಸದೆ ಬಿಟ್ಟ ಮಣ್ಣಿನ ನೆಲ ಕಾಲಿಟ್ಟಲ್ಲೆಲ್ಲ ಹಕ್ಕಳೆ ಏಳುತ್ತಿತ್ತು.

ಬಾದಾಮಿಯಿಂದ ಬಂದ ದೊಡ್ಡವ್ವ, ಅಂದರೆ ಅವ್ವನ ಅಕ್ಕ, ಸೊಂಟದ ಮೇಲೆ ಕೈಯಿಟ್ಟು ಇದನ್ನೆಲ್ಲ ನೋಡಿ ತೀರ್ಪು ಕೊಟ್ಟೇ ಬಿಟ್ಟಳು.

"ಇದೇನು ಮನಿಯೋ ತಿಪ್ಪಿಯೋ? ಮುಂದಿನ ಸಲ ಬಂದಾಗ ಹಿಂಗ ಇದ್ರ ಹುಡುಗೀನ್ನ ಕರ್ಕೊಂಡು ಹೋಗ್ತೇನಿ. ಅಲ್ಲೇ ಸಾಲಿಗೆ ಹಾಕ್ತೇನಿ."

ಅವ್ವ ನನ್ನ ಲಂಗದ ತುದಿ ಹಿಡಿದುಕೊಂಡಳು, ಅಷ್ಟೆ. ದೊಡ್ಡವ್ವ ಆಡಿದ ಮಾತಿಗೆ ತಪ್ಪುವವಳಲ್ಲ.

ದೊಡ್ಡವ್ವ ಹೋದ ಮರುದಿನ ಅವ್ವ ಒಲೆಯ ಮುಂದೆ ಕೂತಳು. ಕೂತಲ್ಲಿಂದಲೇ ಕೈಗೆ ಸಿಕ್ಕ ಸಾಮಾನನ್ನೆಲ್ಲ ಆಚೆ ಸರಿಸಿದಳು. ನಾನು ತಂದುಕೊಟ್ಟ ಸಗಣಿಯನ್ನು ಕಲಸಿ, ಕೈ ಚಾಚಿದಷ್ಟು ದೂರ ಸಾರಿಸಿ, ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ನಾನು ಮುಂದುವರಿಸಲು ಹೋದರೆ, "ಇವತ್ತಿಂದು ಇಷ್ಟ" ಎಂದು ಗದರಿದಳು. ಮರುದಿನ ಒಣಗಿದ ಆ ಜಾಗದ ಮೇಲೆ ಕೂತು ಮುಂದಿನದಕ್ಕೆ ಕೈ ಚಾಚಿದಳು. ಸರಿಸಿದ ರಾಶಿ ದಿನವೂ ಅವಳ ಮುಂದೆ ಮುಂದೆ ಹೋಗುತ್ತಿತ್ತು. ಹೋದಂತೆಲ್ಲ ಒಂದು ಸೀರೆ ಗೂಟಕ್ಕೆ, ಒಂದು ತಂಬಿಗೆ ಗೋಡೆಯ ಮಾಡಕ್ಕೆ ಏರಿ ರಾಶಿ ಸಣ್ಣದಾಗುತ್ತಿತ್ತು. ಎದ್ದು ನಿಲ್ಲಲಾರದ ಹೆಂಗಸು ಕೂತು ಕೂತೇ ಅಡುಗೆಮನೆಯನ್ನು ಗೆದ್ದದ್ದು ಹೇಗೆಂದು ನನಗೆ ಎಂಥ ಬೆರಗು! ಇಂದಿಗೂ ಅದು ಹೋಗಿಲ್ಲ. ಬಾದಾಮಿಯಲ್ಲಿ ಗುಡ್ಡ ಕೊರೆದು ಗುಡಿ ಮಾಡಿದ್ದನ್ನು ಆಮೇಲೆ ನೋಡಿದಾಗ, ಇರಲಿ, ಇವರಿಗೇನು ಜ್ವರ ಬಂದಿತ್ತೇ ಎಂದುಕೊಂಡೆ.

ಒಂದು ದಿನ ಅವ್ವ ಸರದಿ ಮುರಿದಳು. ಪಡಸಾಲೆಯ ನಡುವೆ ತಿಂಗಳುಗಟ್ಟಲೆ ಹಾಸಿಯೇ ಇದ್ದ ತನ್ನ ಹಾಸಿಗೆಯನ್ನು ಸುತ್ತಿಟ್ಟು, ಅದು ಇದ್ದ ಜಾಗವನ್ನಷ್ಟೇ ಸಾರಿಸಿದಳು. ಸಂಜೆ ದೀಪ ಹಚ್ಚಬೇಕೆಂದರೆ ಜಗಲಿ ಇನ್ನೂ ಕೌದಿಗಳ ಕೆಳಗೇ ಇತ್ತು. ಪಡಸಾಲೆಯಲ್ಲಿ ಶುದ್ಧ ಜಾಗ ಇದೊಂದೇ ಎಂದು ಅಲ್ಲೇ ಹಣತೆ ಇಟ್ಟು ಹಿತ್ತಲಿಗೆ ಹೋದಳು. ನಮ್ಮ ಕಡೆ ಹೆಣ ಎತ್ತಿದ ಮೇಲೆ ಅದು ಇದ್ದ ಜಾಗವನ್ನಷ್ಟೇ ಸಾರಿಸಿ ದೀಪ ಇಡುತ್ತಾರೆ. ಅವ್ವನಿಗೆ ಅದು ಹೊಳೆಯಲೇ ಇಲ್ಲ.

ಆಗಲೇ ದೊಡ್ಡವ್ವ, ಹುನಗುಂದದಲ್ಲಿ ಬಸ್ಸು ಬದಲಿಸಿ, ನನ್ನನ್ನು ಒಯ್ಯಲು ಚೀಲ ಹಿಡಿದು ಬರಬೇಕೆ? ಹೊಸ್ತಿಲಲ್ಲೇ ಅವಳಿಗೆ ಸುತ್ತಿಟ್ಟ ಹಾಸಿಗೆ, ಸಾರಿಸಿದ ಜಾಗ, ದೀಪ ಕಂಡವು. ಚೀಲ ಕೈಯಿಂದ ಜಾರಿತು.

"ಹೋದ್ಯೇನ ನನ್ನವ್ವಾ! ನನಗೊಂದು ಮಾತು ಹೇಳಿ ಕಳಿಸಲಿಲ್ಲಲ್ಲೋ ಯಾರೂ!"

ಎದೆ ಬಡಿದುಕೊಂಡಳು. ಶೇಂಗಾ ತಿನ್ನುತ್ತ ಕೂತಿದ್ದ ನನ್ನನ್ನು ಎಳೆದು ಅಪ್ಪಿ, "ತಬ್ಬಲಿ ಆತಲ್ಲೋ ಕೂಸು" ಎಂದಳು. ಸತ್ತವರು ಯಾರೆಂದು ತಿಳಿಯದಿದ್ದರೂ ನಾನೂ ಬಾಯಲ್ಲಿ ಶೇಂಗಾ ಇಟ್ಟುಕೊಂಡೇ ಅತ್ತೆ. ಓಣಿಯೆಲ್ಲ ಕೂಡಿತು. ಗದ್ದಲ ಕೇಳಿ ಅವ್ವ ಗೋಡೆ ಹಿಡಿದು ಹಿತ್ತಲಿಂದ ಬಂದಳು.

"ಯಾಕ ಯಕ್ಕಾ? ಯಾರು ಹೋದ್ರು?"

ದೊಡ್ಡವ್ವ ಅವಳ ಮುಖ, ತೋಳು ಮುಟ್ಟಿ ಮುಟ್ಟಿ ನೋಡಿದಳು. ನಂಬಿಕೆ ಬಂದ ಮೇಲೆ ಬೈಗುಳ ಶುರುವಾಯಿತು.

"ಬದುಕಿದಾಕಿ ಯಾರರ ತಾ ಮಲಗಿದ ಜಾಗ ಅಷ್ಟ ಸಾರಿಸ್ತಾಳೇನ? ಸರಿ ಆ ಕಡೆ, ಪೂರಾ ನಾನ ಸಾರಿಸಿಬಿಡ್ತೇನಿ."

ಸೆರಗು ಸಿಕ್ಕಿಸಿ ಸಗಣಿಯ ಬುಟ್ಟಿಗೆ ಕೈ ಹಾಕಿದಳು. ಅವ್ವ ಅವಳ ಮುಂಗೈ ಹಿಡಿದಳು.

"ಬ್ಯಾಡ ಯಕ್ಕಾ. ಅದು ನಾಳಿಂದು. ಎಲ್ಲಾ ನೀನ ಮುಗಿಸಿದ್ರ ನಾಳೆ ನಾ ಯಾಕ ಏಳ್ಲಿ?"

ದೊಡ್ಡವ್ವ ಧೂಳಿನಲ್ಲೇ ಕೌದಿ ಹಾಸಿ ಮಲಗಿದಳು. ಬೆಳಿಗ್ಗೆ ಅವ್ವ ಮುಂದಿನ ತುಂಡು ನೆಲ ಸಾರಿಸುವುದನ್ನು ಕೂತು ನೋಡಿದಳು. ಆಮೇಲೆ ಚೀಲ ಎತ್ತಿಕೊಂಡು, ನನ್ನ ಕೈ ಹಿಡಿದು ಹೊರಟಳು. ಚೀಲದಲ್ಲಿ ನನ್ನ ಬಟ್ಟೆ ಇವೆಯೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಅವ್ವನಿಗೂ ಗೊತ್ತಿರಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

ಬಸ್ಸು ಬರುವ ತನಕ ದೊಡ್ಡವ್ವ ನನ್ನ ಕೈ ಬಿಡಲಿಲ್ಲ. ಮೆಟ್ಟಿಲ ಮೇಲೆ ಕಾಲಿಟ್ಟ ಮೇಲೆ ಬಿಟ್ಟಳು.

"ಹೋಗು ಮನಿಗೆ. ನಿಮ್ಮವ್ವಗ ನಾಳಿಗೆ ಶೆಗಣಿ ತರಬೇಕಲ್ಲ."

ನಾನು ಎಲ್ಲೂ ನಿಲ್ಲದೆ ಓಡಿದೆ. ಅವ್ವ ಇನ್ನೂ ಬಾಗಿಲಲ್ಲೇ ಇದ್ದಳು. ಜ್ವರ ಬಿಟ್ಟ ಮೇಲೆ ಅವಳು ಅಷ್ಟು ಹೊತ್ತು ಕೂರದೆ ನಿಂತದ್ದು ಅದೇ ಮೊದಲು.