ಹನುಮಕ್ಕ ಎರಡನೇ ಸಲ ಹಾಡಿದ್ದು

ನಾಟಕ ಆಡಿದ ಮರುದಿನವೆಲ್ಲ ಬೆಳಿಗ್ಗೆ ಹನುಮಕ್ಕ ಅರ್ಧ ಮೀಸೆಯಲ್ಲೇ ಹಾಲಿಗೆ ಬರುತ್ತಿದ್ದಳು. ಅಂಟು ಬಿಡುತ್ತಿರಲಿಲ್ಲ, ಅವಳೂ ಉಜ್ಜುತ್ತಿರಲಿಲ್ಲ. ಹಾಲಿನವನು ನಕ್ಕರೆ, "ನೀರು ಕಮ್ಮಿ ಹಾಕೋ ಲೇ, ರಾಜಾಜ್ಞೆ ಐತಿ," ಅನ್ನುವಳು.

ಹೊಸಪೇಟೆಯಲ್ಲಿ ಅವಳದು ನನ್ನ ಪಕ್ಕದ ಮನೆ. ಹರೆಯದಲ್ಲಿ ನಾಟಕ ಕಂಪನಿಯಲ್ಲಿದ್ದವಳು. ವಯಸ್ಸಾದ ಮೇಲೆ ಹಳೆಯ ಕಲಾವಿದರನ್ನು ಕೂಡಿಸಿಕೊಂಡು ನಮ್ಮ ಓಣಿಯ ಪಾರ್ಕಿನಲ್ಲಿ ಪೌರಾಣಿಕ ನಾಟಕ ಆಡಿಸುತ್ತಿದ್ದಳು. ಟಿಕೆಟ್ ಇಲ್ಲ. "ಚಾಪಿ ನಿಮ್ಮದು, ನಾಟಕ ನಮ್ಮದು" ಎಂದು ಮನೆಮನೆಗೆ ಕೂಗಿ ಹೇಳುವಳು. ರಾಜನ ಪಾರ್ಟು ಯಾವಾಗಲೂ ಅವಳದೇ. ಅವಳು ಗುಡುಗಿದರೆ ಜಾರುಬಂಡೆಯ ಮೇಲಿನ ಮಕ್ಕಳು ಅಲ್ಲೇ ನಿಂತುಬಿಡುತ್ತಿದ್ದವು. ಒಳ್ಳೆಯವಳೇನಲ್ಲ, ಜಗಳಗಂಟಿ. ಗುಡಿಸಿದ ಕಸ ನನ್ನ ಅಂಗಳಕ್ಕೇ ನೂಕುವಳು.

ಅವಳಿಗಿದ್ದ ಒಬ್ಬನೇ ಮಗ ಸಂಡೂರಿನ ಗಣಿಯಲ್ಲಿ ಲಾರಿ ಓಡಿಸುತ್ತಿದ್ದ. ಘಾಟಿನಲ್ಲಿ ಲಾರಿ ಉರುಳಿ ಸತ್ತ. ಹನುಮಕ್ಕ ಬಾಗಿಲು ಹಾಕಿಕೊಂಡು ಕೂತಳು. ನಾನಿಟ್ಟ ರೊಟ್ಟಿ ಇಟ್ಟಲ್ಲೇ ಒಣಗುತ್ತಿತ್ತು. ಒಂದು ಸಂಜೆ ತಾನೇ ಬಂದು, "ಮನ್ಯಾಗ ಕುಂತ್ರ ಸಾಯ್ತೀನಿ ಬೇ. ನಾಟಕ ಆಡ್ತೀನಿ. ಆದ್ರ ಅಳೋ ಹೆಂಗಸಿನ ಪಾರ್ಟು ಮಾತ್ರ ಬ್ಯಾಡ," ಅಂದಳು. ಮತ್ತೆ ಮೀಸೆ ಅಂಟಿಸಿದಳು. ಅವಳನ್ನು ನೆಟ್ಟಗೆ ನಿಲ್ಲಿಸಿದ್ದು ಅದೊಂದೇ.

ಒಂದು ನಾಟಕದಲ್ಲಿ ರಾಣಿ ಸತ್ತ ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ಹಾಡಬೇಕು. ಅದನ್ನು ಆಡುವ ದಿನವೇ ರಾಣಿ ಪಾರ್ಟಿನವಳಿಗೆ ಜ್ವರ. ಜನ ಚಾಪೆ ಹಾಸಿ ಕೂತಾಗಿತ್ತು. ಹಾರ್ಮೋನಿಯಂ ನುಡಿಸುವ ಬಸಣ್ಣ ಕೈಮುಗಿದ: "ಆ ಹಾಡು ನಿನಗ ಬಿಟ್ರ ಯಾರಿಗೂ ಬರಂಗಿಲ್ಲ ಅಕ್ಕಾ. ಕುಂತ ಜನಾನ ಎಬ್ಬಿಸಿ ಕಳಸ್ಲೇನು?"

"ಕಳಸು, ಏನಾಗತೈತಿ!" ಅಂದೆ ನಾನು. ಹನುಮಕ್ಕ ನನ್ನ ಕಡೆ ನೋಡಲಿಲ್ಲ. ಕಿರೀಟ ಬೇರೆಯವನಿಗೆ ಕೊಟ್ಟು ರಾಣಿಯ ಸೀರೆ ಉಟ್ಟಳು.

ಹಾಡಿದಳು. ಅದು ಹಾಡೇ ಅಲ್ಲ, ಗೋಳು. ನಡುವೆ ಎರಡು ಸಾಲು ನುಂಗಿದಳು. ಹಾಡು ಮುಗಿಯಿತು. ಆಮೇಲೆ ಹಿಂದಿನಿಂದ ಯಾವನೋ, "ಒನ್ಸ್ ಮೋರ್!" ಅಂದ. ನಮ್ಮ ಕಡೆ ಹಾಡು ಹಿಡಿಸಿದರೆ ಹಾಗೇ ಕೂಗುವುದು. ನಟರು ಮತ್ತೆ ಹಾಡಲೇಬೇಕು. ಸತ್ತುಬಿದ್ದವನೂ ಎದ್ದು ಹಾಡಿ ಮತ್ತೆ ಸಾಯುತ್ತಾನೆ. ಎಲ್ಲರೂ ಕೂಗತೊಡಗಿದರು.

ನಾನು ಎದ್ದುನಿಂತೆ. "ಬಾಯಿ ಮುಚ್ರಲೇ! ಆಕಿ ಮಗ ಸತ್ತಾನ!"

"ಗೊತ್ತೈತಿ ಕುಂದ್ರು ಅಜ್ಜಿ, ತೊಡಿ ಮ್ಯಾಲೇ ಮಲಗ್ಯಾನಲ್ಲ!" ಅಂದ ಒಬ್ಬ. ಜನ ನಕ್ಕರು.

ಹನುಮಕ್ಕ ಮತ್ತೆ ಹಾಡಿದಳು. ಈ ಸಲ ಒಂದು ಸಾಲೂ ತಪ್ಪಲಿಲ್ಲ. ಏರಿಸಬೇಕಾದಲ್ಲಿ ಏರಿಸಿದಳು, ಇಳಿಸಬೇಕಾದಲ್ಲಿ ಇಳಿಸಿದಳು. ಚಪ್ಪಾಳೆ ನಿಲ್ಲಲೇ ಇಲ್ಲ. ಮತ್ತೊಮ್ಮೆ ಕೂಗಿದಾಗ ಮಗನ ಪಾರ್ಟಿನವನ ತಲೆ ಕೆಳಗಿಳಿಸಿ, ಎದ್ದು, ಮನೆಗೆ ನಡೆದಳು. ವಾರದೊಳಗೆ ಬಾಗಿಲಿಗೆ ಬೀಗ ಹಾಕಿ ಎಮ್ಮಿಗನೂರಿನ ತಂಗಿಯ ಮನೆ ಸೇರಿದಳು.

ಕಂಪ್ಲಿ ಬಸ್ಸು ಹತ್ತಿ ಒಮ್ಮೆ ನೋಡಲು ಹೋದೆ. ಗದ್ದೆಯ ಬದುವಿನ ಮೇಲೆ ಕೂತು, ನಾಟಿ ಮಾಡುವ ಹೆಂಗಸರಿಗೆ ಭತ್ತದ ಸಸಿಯ ಕಟ್ಟು ಎತ್ತಿಕೊಡುತ್ತಿದ್ದಳು. ಭಾಳ ಸೊರಗಿದ್ದಳು.

"ಬಾ ಬೇ, ಪಾರ್ಕು ಬಿಕೋ ಅನ್ನಾಕತ್ತೈತಿ," ಅಂದೆ. "ಮಗನ ನೆನಪು ಇಲ್ಲಿದ್ರ ಬಿಡತೈತೇನು?"

ಕೆಸರು ಕೈಯನ್ನು ಸೀರೆಗೆ ಒರೆಸಿಕೊಂಡಳು. "ನೆನಪಾಗಿದ್ರ ಅಲ್ಲೇ ಇರ್ತಿದ್ದೆ. ಎರಡನೇ ಸಲ ಹಾಡುವಾಗ ಅಂವ ನೆನಪಾಗ್ಲೇ ಇಲ್ಲ. ಚಪ್ಪಾಳಿ ಕೇಳಿ ಖುಷಿ ಆತು ಬೇ ನನಗ."

ನಾನು ಅವಳ ಪಕ್ಕ ಕೂತೆ. ಸಂಜೆಯ ಬಸ್ಸು ಬರುವವರೆಗೆ ಇಬ್ಬರೂ ಸಸಿ ಎತ್ತಿಕೊಟ್ಟೆವು. ಊರಿಗೆ ಬಾ ಎಂದು ಮತ್ತೆ ಕರೆಯಲಿಲ್ಲ ನಾನು.